ತುಕ್ಕು ಹಿಡಿದ ಕುಡುಗೋಲು

ಕೂಡ್ಲಿಗಿ, ಕೊಟ್ಟೂರು, ಹಡಗಲಿಗಳ ಒಕ್ಕಲು ಮನೆಗಳಲ್ಲಿ ಸುಗ್ಗಿಯ ಬಳಿಕ ಮೂಲೆ ಸೇರಿದ ಕುಡುಗೋಲು ಮಳೆಗಾಲ ಕಳೆಯುವಷ್ಟರಲ್ಲಿ ಕೆಂಪಗಾಗಿರುತ್ತದೆ. ನೆರೆಯ ಸಂಡೂರಿನ ಬೆಟ್ಟಗಳ ಅದಿರೂ ಕೆಂಪೇ. ಎರಡೂ ಕಬ್ಬಿಣದ ಆಕ್ಸೈಡುಗಳು. ಕುಲುಮೆಯ ಉರಿಯಲ್ಲಿ ಅದಿರಿನಿಂದ ಬೇರ್ಪಟ್ಟ ಕಬ್ಬಿಣವು ನೀರು, ಗಾಳಿ ತಾಗಿದೊಡನೆ ಆಮ್ಲಜನಕವನ್ನು ಪುನಃ ಕೂಡಿಕೊಳ್ಳುತ್ತದೆ. ಇಂಥ ಕುಡುಗೋಲನ್ನು ಗುಜರಿಗೆ ಹಾಕುವುದು ಅವಸರದ ಕೆಲಸ. ಹುಣಸೆಯ ರಸದಲ್ಲಿರುವ ಆಮ್ಲವು ತುಕ್ಕನ್ನು ಕರಗಿಸಬಲ್ಲದು. ಮರದ ಹಿಡಿ ಹೊರಗಿರುವಂತೆ ಅಲಗನ್ನು ಒಂದು ರಾತ್ರಿ ಅದರಲ್ಲಿ ನೆನೆಯಿಟ್ಟು, ಇಟ್ಟಿಗೆಯ ಪುಡಿಯಿಂದ ತಿಕ್ಕಿ ತೊಳೆಯಬೇಕು. ಹೆಚ್ಚು ದಿನ ಬಿಟ್ಟರೆ ಒಳ್ಳೆಯ ಕಬ್ಬಿಣವೂ ಸವೆದೀತು. ತೊಳೆದ ಕೂಡಲೇ ಒರಸಿ ಎಣ್ಣೆ ಸವರಬೇಕು. ತುಕ್ಕು ಹೋಗಲೆಂದು ಅಲಗನ್ನು ಬೆಂಕಿಗೆ ಹಿಡಿಯುವುದು ಮಾತ್ರ ಸಲ್ಲದು; ಕಮ್ಮಾರನು ಕೊಟ್ಟ ಹದವು ಕೆಟ್ಟು, ಎಷ್ಟು ಮಸೆದರೂ ಹರಿತವು ನಿಲ್ಲುವುದಿಲ್ಲ.