ಶಸ್ತ್ರಚಿಕಿತ್ಸೆಯ ನಂತರದ ವರದಿ: ಒಂದು ಅನುಭವ, ಕೆಲವು ಪಾಠಗಳು

ಆರೋಗ್ಯದ ವಿಷಯವಾಗಿ ಬರೆಯುವ ಅಧಿಕಾರ ವೈದ್ಯರಿಗೆ ಸೇರಿದ್ದು. ನಾನಾದರೋ ವಾಣಿಜ್ಯ ಪದವೀಧರ. ಇಪ್ಪತ್ತೆರಡು ವರ್ಷಗಳಿಂದ ಮುಂಬಯಿಯ ಬ್ಯಾಂಕೊಂದರಲ್ಲಿ ಜಮಾ-ಖರ್ಚುಗಳ ನಡುವೆ ಕಾಲ ಕಳೆಯುತ್ತಿರುವವನು. ಆದರೂ ಸಂಘದ ಸಂಚಿಕೆಗೆ ಈ ಲೇಖನವನ್ನು ಬರೆಯಲು ಒಪ್ಪಿಕೊಂಡುದಕ್ಕೆ ಕಾರಣವಿದೆ. 2023ರಲ್ಲಿ ಒಂದು ಸಾಮಾನ್ಯ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಮನೆಯಲ್ಲಿ ಚೇತರಿಸಿಕೊಳ್ಳುತ್ತಿದ್ದಾಗ, ಕನಸಿನಲ್ಲಿಯೂ ಎಣಿಸದಿದ್ದ ಇನ್ನೊಂದು ಕಾಯಿಲೆ ನನ್ನಲ್ಲಿರುವುದು ತಿಳಿದುಬಂದಿತು. ಆ ದಿನಗಳಲ್ಲಿ ನಾನು ಮಾಡಿದ ತಪ್ಪುಗಳೂ ನನ್ನ ಪತ್ನಿ ಮಾಡಿದ ಒಂದು ಸರಿಯಾದ ಕೆಲಸವೂ ಇತರರಿಗೆ ತಿಳಿದರೆ ಪ್ರಯೋಜನವಾದೀತೆಂಬ ನಂಬಿಕೆಯಿಂದ ಇದನ್ನು ಬರೆಯುತ್ತಿದ್ದೇನೆ.

ಸಾಮಾನ್ಯ ಕಾಯಿಲೆ, ಸಾಮಾನ್ಯ ಚಿಕಿತ್ಸೆ

ಮದುವೆಯೊಂದರ ಊಟ ಮುಗಿಸಿ ಬಂದ ರಾತ್ರಿ ಹೊಟ್ಟೆಯ ಬಲಭಾಗದಲ್ಲಿ, ಪಕ್ಕೆಲುಬುಗಳ ಕೆಳಗೆ, ತೀವ್ರವಾದ ನೋವು ಕಾಣಿಸಿಕೊಂಡಿತು. ವಾಯುವೆಂದು ಬಗೆದು ಜೀರಿಗೆ ಕಷಾಯ ಕುಡಿದು, ಮರುದಿನ ಎಂದಿನಂತೆ ಡೊಂಬಿವಲಿಯಿಂದ ಲೋಕಲ್ ಹಿಡಿದು ಕಚೇರಿಗೆ ಹೋದೆ. ಮೂರನೆಯ ಸಲ ನೋವು ಬಂದಾಗ ಸೋನೋಗ್ರಫಿ ಮಾಡಿಸಿದೆವು. ಪಿತ್ತಕೋಶದಲ್ಲಿ ಕಲ್ಲುಗಳಿದ್ದವು.

ಪಿತ್ತಕೋಶವೆಂಬುದು ಯಕೃತ್ತಿನ ಅಡಿಯಲ್ಲಿ ಅಂಟಿಕೊಂಡಿರುವ, ಸುಮಾರು 30ರಿಂದ 50 ಮಿಲಿಲೀಟರ್ ಪಿತ್ತರಸ ಹಿಡಿಯುವ ಪುಟ್ಟ ಚೀಲ. ಇದನ್ನು ತೆಗೆದುಹಾಕಿದರೂ ಪಿತ್ತರಸ ನೇರವಾಗಿ ಕರುಳಿಗೆ ಹರಿಯುವುದರಿಂದ ಜೀವನಕ್ಕೆ ಬಾಧಕವಿಲ್ಲ. ಬರ್ಲಿನ್ನಿನ ಕಾರ್ಲ್ ಲಾಂಗೆನ್‌ಬುಖ್ 1882ರಲ್ಲಿ ಮೊದಲ ಬಾರಿಗೆ ಹೊಟ್ಟೆಯನ್ನು ಕೊಯ್ದು ಈ ಚೀಲವನ್ನು ತೆಗೆದರು. 1985ರಲ್ಲಿ ಜರ್ಮನಿಯ ಎರಿಕ್ ಮ್ಯೂಹೆ ದರ್ಶಕ ನಳಿಕೆಯ ಸಹಾಯದಿಂದ ಅದೇ ಕೆಲಸವನ್ನು ಸಾಧಿಸಿದರು. 1990ರಲ್ಲಿ ನಮ್ಮ ಮುಂಬಯಿಯ ಜೆ.ಜೆ. ಆಸ್ಪತ್ರೆಯಲ್ಲಿ ಡಾ. ತೆಹೆಮ್ಟನ್ ಉದ್ವಾಡಿಯಾ ಅವರು ಈ ವಿಧಾನವನ್ನು ಭಾರತಕ್ಕೆ ತಂದರು. ಈಗ ಇದು ಎಲ್ಲ ಪಟ್ಟಣಗಳಲ್ಲಿಯೂ ನಡೆಯುವ ಚಿಕಿತ್ಸೆ. ನನಗೂ ಹೊಟ್ಟೆಯ ಮೇಲೆ ನಾಲ್ಕು ಸಣ್ಣ ರಂಧ್ರಗಳಷ್ಟೇ ಆದವು. ಮೂರನೆಯ ದಿನ ಮನೆಗೆ ಬಂದೆ.

ಕಲ್ಲುಗಳನ್ನು ಎಣಿಸಿದೆವು, ಚೀಲವನ್ನು ಮರೆತೆವು

ಶಸ್ತ್ರಚಿಕಿತ್ಸೆ ಮುಗಿದೊಡನೆ ಆಸ್ಪತ್ರೆಯವರು ಕಲ್ಲುಗಳನ್ನು ಪುಟ್ಟ ಬಾಟಲಿಯಲ್ಲಿ ಹಾಕಿ ನನ್ನ ಪತ್ನಿಯ ಕೈಗಿತ್ತಿದ್ದರು. ಒಟ್ಟು ಹನ್ನೊಂದು. ಯೋಗಕ್ಷೇಮ ವಿಚಾರಿಸಲು ಬಂದ ನೆರೆಹೊರೆಯವರೂ ಸಂಘದ ಮಿತ್ರರೂ ಆ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿ ಆಶ್ಚರ್ಯಪಟ್ಟರು. ಆದರೆ ಆ ಕಲ್ಲುಗಳಿದ್ದ ಚೀಲ ಎಲ್ಲಿಗೆ ಹೋಯಿತೆಂದು ನಮ್ಮಲ್ಲಿ ಯಾರೂ ಕೇಳಲಿಲ್ಲ.

ಅದು ಹೋದದ್ದು ಪ್ರಯೋಗಶಾಲೆಗೆ. ತೆಗೆದ ಅಂಗವನ್ನು ಫಾರ್ಮಲಿನ್ ದ್ರಾವಣದಲ್ಲಿರಿಸಿ, ಅದರಿಂದ ಆಯ್ದ ತುಣುಕುಗಳನ್ನು ಮೇಣದ ಅಚ್ಚಿನಲ್ಲಿ ಹುದುಗಿಸಿ, ಕೂದಲೆಳೆಗಿಂತ ಎಷ್ಟೋ ತೆಳುವಾದ ಪದರಗಳಾಗಿ ಕತ್ತರಿಸಿ, ಬಣ್ಣ ಹಾಕಿ ಗಾಜಿನ ಪಟ್ಟಿಯ ಮೇಲಿರಿಸಿ, ರೋಗಲಕ್ಷಣ ತಜ್ಞರು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಇದಕ್ಕೆ ಕೆಲವು ದಿನಗಳು ಬೇಕು. ಆದುದರಿಂದಲೇ ರೋಗಿ ಮನೆಗೆ ಬಂದ ಮೇಲೆ ವರದಿ ಸಿದ್ಧವಾಗುತ್ತದೆ. ನೋವು ಕಡಿಮೆಯಾಗಿ ಹಸಿವು ಮರಳಿರುತ್ತದೆ. ವರದಿಯನ್ನು ತರಬೇಕೆಂಬ ನೆನಪೇ ಇರುವುದಿಲ್ಲ.

ಎಂಟನೆಯ ದಿನ ಹೊಲಿಗೆ ಬಿಚ್ಚಿಸಲು ಹೋದಾಗ "ವರದಿ ಬಂದಿಲ್ಲ, ಬಂದೊಡನೆ ಫೋನ್ ಮಾಡುತ್ತೇವೆ" ಎಂದರು. ಫೋನ್ ಬರಲಿಲ್ಲ. ನಾನೂ ವಿಚಾರಿಸಲಿಲ್ಲ. ಬ್ಯಾಂಕಿನಲ್ಲಿ ಯಾವ ತಲೆಬರಹಕ್ಕೂ ಸೇರದ ಮೊತ್ತವನ್ನು ಸಸ್ಪೆನ್ಸ್ ಖಾತೆಯಲ್ಲಿಡುತ್ತೇವೆ; ಅದು ಇತ್ಯರ್ಥವಾಗುವವರೆಗೆ ದಿನವೂ ಅದರ ಬೆನ್ನು ಹತ್ತಬೇಕು. ಕೈಕೆಳಗಿನವರಿಗೆ ಈ ನಿಯಮವನ್ನು ಬೋಧಿಸುತ್ತಿದ್ದ ನಾನೇ ನನ್ನ ದೇಹದ ವಿಷಯದಲ್ಲಿ ಅದನ್ನು ಮರೆತಿದ್ದೆ. ಬೆನ್ನು ಹತ್ತಿದವಳು ನನ್ನ ಪತ್ನಿ. "ದುಡ್ಡು ಕೊಟ್ಟು ಮಾಡಿಸಿದ ಪರೀಕ್ಷೆ, ಕಾಗದವಾದರೂ ಮನೆಯಲ್ಲಿರಲಿ" ಎಂದು ಹದಿನೈದನೆಯ ದಿನ ತಾನೇ ಹೋದಳು. ವರದಿ ಆರು ದಿನಗಳಿಂದ ಅಲ್ಲಿನ ಮೇಜಿನ ಖಾನೆಯಲ್ಲಿ ಬಿದ್ದಿತ್ತು.

ಆ ರಾತ್ರಿ

ಆಕೆ ಅದನ್ನು ದಾದರ್ ನಿಲ್ದಾಣದಲ್ಲಿ ಬಿಚ್ಚಿ ಓದಿದಳು. 'ಕಾರ್ಸಿನೋಮಾ' ಎಂಬ ಪದವೊಂದನ್ನು ಗುರುತಿಸಿ, ಮೊಬೈಲಿನಲ್ಲಿ ಹುಡುಕಿ, ಪಿತ್ತಕೋಶದ ಕ್ಯಾನ್ಸರ್ ಬಹು ಕೆಟ್ಟದೆಂದೂ ಬದುಕುಳಿಯುವವರು ವಿರಳವೆಂದೂ ತಿಳಿದುಕೊಂಡಳು. ಮೂರು ಗಾಡಿಗಳನ್ನು ಬಿಟ್ಟು ನಾಲ್ಕನೆಯದನ್ನು ಹತ್ತಿದಳಂತೆ. ಮನೆಗೆ ಬಂದು ನನಗೆ ಗಂಜಿ ಬಡಿಸಿ, ಮಗಳ ಪಾಠ ನೋಡಿ, ಏನೂ ಹೇಳದೆ ಮಲಗಿದಳು. ಬೆಳಿಗ್ಗೆ ಆಕೆಯ ಕಣ್ಣುಗಳನ್ನು ನೋಡಿ ನಾನೇ ಕೇಳಿದೆ. ಕಾಗದವನ್ನು ನನ್ನ ಮುಂದಿಟ್ಟಳು.

ಶಸ್ತ್ರಚಿಕಿತ್ಸೆಯ ದಣಿವು ಆರುವ ಮುನ್ನವೇ ಬಂದ ಇಂಥ ಸುದ್ದಿ ಗಾಯದ ಮೇಲೆ ಬರೆ ಎಳೆದಂತೆ. ಮೊದಲ ದಿನ ನನಗೆ ದುಃಖಕ್ಕಿಂತ ಸಿಟ್ಟೇ ಹೆಚ್ಚಾಗಿತ್ತು: ಫೋನ್ ಮಾಡದವರ ಮೇಲೆ, ಜೀರಿಗೆ ಕಷಾಯ ಕುಡಿದು ಕಾಲ ಕಳೆದ ನನ್ನ ಮೇಲೆ. ಎರಡನೆಯ ದಿನ ಭಯ. ಹೊಲಿಗೆಯ ಜಾಗದ ಪ್ರತಿಯೊಂದು ಚುಚ್ಚುವಿಕೆಯೂ ಕ್ಯಾನ್ಸರೆಂದೇ ತೋರಿತು. ಗಾಯ ಮಾಯುವಾಗಿನ ನೋವು ಬೇರೆ, ರೋಗದ ನೋವು ಬೇರೆ ಎಂದು ನಮ್ಮ ಕುಟುಂಬ ವೈದ್ಯರು ತಾಳ್ಮೆಯಿಂದ ತಿಳಿಸಿ ಹೇಳಿದ ಮೇಲೆಯೇ ನಿದ್ರೆ ಬಂದುದು.

ವರದಿಯನ್ನು ತಿಳಿದುಕೊಳ್ಳುವ ಬಗೆ

ಮೊಬೈಲು ಹೇಳಿದ್ದು ಸುಳ್ಳಲ್ಲ; ಆದರೆ ಅದು ನನ್ನನ್ನು ಕುರಿತದ್ದಾಗಿರಲಿಲ್ಲ. ಪಿತ್ತಕೋಶದ ಕ್ಯಾನ್ಸರಿಗೆ ಕೆಟ್ಟ ಹೆಸರು ಬಂದಿರುವುದು ಅದು ಬಹುಮಟ್ಟಿಗೆ ತಡವಾಗಿ ಪತ್ತೆಯಾಗುವುದರಿಂದ. ಗಂಗಾ ಬಯಲಿನ ಪ್ರದೇಶಗಳಲ್ಲಿ ಇದು ಹೆಚ್ಚು, ದಕ್ಷಿಣದಲ್ಲಿ ಕಡಿಮೆ. ಪುರುಷರಿಗಿಂತ ಸ್ತ್ರೀಯರಲ್ಲಿ ಹೆಚ್ಚು. ಕಲ್ಲಿಗಾಗಿ ಪಿತ್ತಕೋಶ ತೆಗೆಸಿಕೊಂಡ ಸಾವಿರಾರು ಮಂದಿಯಲ್ಲಿ ಎಲ್ಲೋ ಕೆಲವರಿಗೆ ಮಾತ್ರ ಹೀಗೆ ಅನಿರೀಕ್ಷಿತವಾಗಿ ಕ್ಯಾನ್ಸರ್ ಕಂಡುಬರುತ್ತದೆ. ಆದುದರಿಂದ ಕಲ್ಲಿರುವವರೆಲ್ಲ ಹೆದರಬೇಕಾದುದಿಲ್ಲ.

ವರದಿಯಲ್ಲಿ ಮುಖ್ಯವಾದುದು ರೋಗ ಚೀಲದ ಗೋಡೆಯಲ್ಲಿ ಎಷ್ಟು ಆಳಕ್ಕೆ ಇಳಿದಿದೆ ಎಂಬುದು. ಒಳಪೊರೆಗೆ ಸೀಮಿತವಾಗಿದ್ದರೆ ಅದನ್ನು ಟಿ-1-ಎ ಎನ್ನುತ್ತಾರೆ. ಕತ್ತರಿಸಿದ ಅಂಚುಗಳು ಶುದ್ಧವಾಗಿದ್ದರೆ, ಸಾಮಾನ್ಯವಾಗಿ ಚೀಲವನ್ನು ತೆಗೆದುದೇ ಸಾಕಾದ ಚಿಕಿತ್ಸೆ. ಸ್ನಾಯುಪದರವನ್ನು ಮುಟ್ಟಿದ್ದರೆ ಟಿ-1-ಬಿ. ಅದನ್ನು ದಾಟಿದ್ದರೆ ಟಿ-2. ಹೊರಪೊರೆಯನ್ನು ಭೇದಿಸಿದ್ದರೆ ಅಥವಾ ಯಕೃತ್ತನ್ನು ತಾಗಿದ್ದರೆ ಟಿ-3. ಟಿ-1-ಬಿ ಮತ್ತು ಅದರಾಚೆಗಿನ ಹಂತಗಳಲ್ಲಿ, ರೋಗ ಬೇರೆಡೆ ಹರಡಿಲ್ಲವೆಂದು ಸ್ಕ್ಯಾನಿನಿಂದ ಖಚಿತವಾದ ಬಳಿಕ, ಚೀಲ ಅಂಟಿಕೊಂಡಿದ್ದ ಯಕೃತ್ತಿನ ಭಾಗವನ್ನೂ ಸುತ್ತಲಿನ ದುಗ್ಧಗ್ರಂಥಿಗಳನ್ನೂ ತೆಗೆಯುವ ಎರಡನೆಯ ಶಸ್ತ್ರಚಿಕಿತ್ಸೆಯನ್ನು ವೈದ್ಯರು ಸೂಚಿಸುತ್ತಾರೆ. ನನ್ನದು ಟಿ-1-ಬಿ.

ಈ ಭೇದವನ್ನು ನಾವು ತಿಳಿದದ್ದು ಪರೇಲಿನ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ. 1941ರಲ್ಲಿ ಸ್ಥಾಪನೆಯಾದ ಆ ಸಂಸ್ಥೆಗೆ ಕನ್ನಡ ನಾಡಿನಿಂದಲೂ ರೋಗಿಗಳು ಬರುತ್ತಾರೆ. ಅಂದು ಸರತಿಯ ಸಾಲಿನಲ್ಲಿ ಕಿವಿಗೆ ಬಿದ್ದ ಹುಬ್ಬಳ್ಳಿಯ ಮಾತು ನನಗೆ ಧೈರ್ಯ ತಂದಿತು. ಬೇರೆ ನಗರಗಳಲ್ಲಿರುವ ವಾಚಕರಿಗೆ ಚೆನ್ನೈಯಲ್ಲಿ 1954ರಿಂದ ಅಡ್ಯಾರ್ ಕ್ಯಾನ್ಸರ್ ಸಂಸ್ಥೆ, ಬೆಂಗಳೂರಿನಲ್ಲಿ 1973ರಿಂದ ಕಿದ್ವಾಯಿ ಸಂಸ್ಥೆ ಸೇವೆ ಸಲ್ಲಿಸುತ್ತಿವೆ. ಇಂಥ ಅನೇಕ ಆಸ್ಪತ್ರೆಗಳನ್ನು 2012ರಲ್ಲಿ ಆರಂಭವಾದ ರಾಷ್ಟ್ರೀಯ ಕ್ಯಾನ್ಸರ್ ಜಾಲ ಒಂದುಗೂಡಿಸಿದೆ.

ತಜ್ಞರ ಬಳಿಗೆ ಹೋಗುವಾಗ ವರದಿಯ ಕಾಗದವೊಂದೇ ಸಾಲದು. ಆ ಗಾಜಿನ ಪಟ್ಟಿಗಳನ್ನೂ ಮೇಣದ ಅಚ್ಚುಗಳನ್ನೂ ಮೊದಲಿನ ಪ್ರಯೋಗಶಾಲೆಯಿಂದ ಕೇಳಿ ಪಡೆದೊಯ್ಯಬೇಕು. ಮತ್ತೊಬ್ಬ ತಜ್ಞರು ಅವನ್ನು ಹೊಸದಾಗಿ ನೋಡುತ್ತಾರೆ. ಶಸ್ತ್ರಚಿಕಿತ್ಸೆಯ ವಿವರಣಾ ಪತ್ರವೂ ಅಷ್ಟೇ ಮುಖ್ಯ. ಕೇಳಲೇಬೇಕಾದ ಪ್ರಶ್ನೆಗಳನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗುವುದು ಲೇಸು. ನಮ್ಮ ಚೀಟಿಯಲ್ಲಿದ್ದವು ಇವು:

1. ರೋಗ ಯಾವ ಪದರದವರೆಗೆ ಇಳಿದಿದೆ?
2. ಕತ್ತರಿಸಿದ ಅಂಚಿನಲ್ಲಿ ರೋಗದ ಕಣಗಳಿವೆಯೇ?
3. ಚೀಲವನ್ನು ತೆಗೆಯುವಾಗ ಅದು ಹರಿದು ಪಿತ್ತರಸ ಹೊಟ್ಟೆಯೊಳಗೆ ಚೆಲ್ಲಿತ್ತೇ?
4. ಇನ್ನು ಯಾವ ಸ್ಕ್ಯಾನ್ ಆಗಬೇಕು, ಯಾವ ಚಿಕಿತ್ಸೆ ಬೇಕು?
5. ಎಷ್ಟು ವಾರಗಳ ಒಳಗೆ?

ಮೂರನೆಯ ಪ್ರಶ್ನೆ ಅನೇಕರಿಗೆ ಹೊಳೆಯುವುದಿಲ್ಲ. ಪಿತ್ತರಸ ಚೆಲ್ಲಿದ್ದರೆ ರೋಗದ ಕಣಗಳೂ ಅದರೊಡನೆ ಹರಡುವ ಸಂಭವವಿದೆ; ತಜ್ಞರಿಗೆ ಅದು ತಿಳಿದಿರಬೇಕು. ಐದನೆಯದಕ್ಕೆ ನಮಗೆ ದೊರೆತ ಉತ್ತರ ಸಮಾಧಾನ ತಂದಿತು: ತಿಂಗಳುಗಟ್ಟಲೆ ಕಾಯುವಂತಿಲ್ಲ, ಆದರೆ ನಾಳೆಯೇ ಓಡಬೇಕಾಗಿಯೂ ಇಲ್ಲ. ಮೊದಲ ಗಾಯ ಮಾಯಲು, ಸ್ಕ್ಯಾನ್ ಮಾಡಿಸಲು, ಯೋಚಿಸಲು ಕೆಲವು ವಾರಗಳ ಅವಕಾಶವಿತ್ತು.

ಎರಡು ಶಸ್ತ್ರಚಿಕಿತ್ಸೆಗಳ ನಡುವೆ

ಈ ವಾರಗಳನ್ನು ಚಿಂತೆಯಲ್ಲಿ ಕಳೆಯುವುದು ಸುಲಭ. ವೈದ್ಯರು ನನಗೆ ಕೆಲಸ ಕೊಟ್ಟರು. ಬೆಳಿಗ್ಗೆ ಸಂಜೆ ಅರ್ಧ ಗಂಟೆ ನಡಿಗೆ. ಮೂರು ಚೆಂಡುಗಳಿರುವ ಪ್ಲಾಸ್ಟಿಕ್ ಉಪಕರಣದಲ್ಲಿ ಉಸಿರೆಳೆದು ಚೆಂಡುಗಳನ್ನು ಮೇಲೇರಿಸುವ ಅಭ್ಯಾಸ; ಶಸ್ತ್ರಚಿಕಿತ್ಸೆಯ ಬಳಿಕ ಶ್ವಾಸಕೋಶದಲ್ಲಿ ಕಫ ಕಟ್ಟದಿರಲು ಇದು ಸಹಾಯಕ. ಗಂಜಿಯೊಂದನ್ನೇ ನಂಬದೆ ಬೇಳೆ, ಮೊಸರು, ಮೊಟ್ಟೆ, ಮೀನು ಮುಂತಾದ ಪುಷ್ಟಿಕರ ಆಹಾರ. ಮಗಳು ಚೆಂಡು ಏರಿದ ಲೆಕ್ಕವನ್ನು ಕ್ಯಾಲೆಂಡರಿನಲ್ಲಿ ಬರೆದಿಟ್ಟಳು.

ನೋಡಲು ಬಂದವರು ಒಬ್ಬೊಬ್ಬರು ಒಂದೊಂದು ಮದ್ದು ಹೇಳಿದರು. ಅವರ ಪ್ರೀತಿಯನ್ನು ಅಲ್ಲಗಳೆಯಲಾರೆ. ಆದರೆ ಹೆಸರಿಲ್ಲದ ಚೂರ್ಣ, ಕಷಾಯಗಳಲ್ಲಿ ಕೆಲವು ಯಕೃತ್ತನ್ನು ಕೆಡಿಸಬಲ್ಲವು. ಕೆಲವು ಶಸ್ತ್ರಚಿಕಿತ್ಸೆಯ ಕಾಲದಲ್ಲಿ ರಕ್ತಸ್ರಾವವನ್ನು ಹೆಚ್ಚಿಸಬಲ್ಲವು. ಅವರು ಹೇಳಿದುದನ್ನೆಲ್ಲ ನೋಟ್‌ಪುಸ್ತಕದಲ್ಲಿ ಬರೆದುಕೊಂಡು ವೈದ್ಯರ ಮುಂದಿಟ್ಟೆ. ಅವರು ಒಪ್ಪದ ಯಾವುದನ್ನೂ ಮುಟ್ಟಲಿಲ್ಲ.

ಊರಿನಲ್ಲಿರುವ ತಾಯಿಗೆ ತಿಳಿಸಬಾರದೆಂದು ಬಂಧುಗಳೆಲ್ಲ ಹೇಳಿದರು. "ವಯಸ್ಸಾದವರು, ತಡೆದುಕೊಳ್ಳಲಾರರು" ಎಂಬುದು ಅವರ ವಾದ. ಆದರೆ ನನ್ನ ಪತ್ನಿ ಒಂದೇ ಒಂದು ರಾತ್ರಿ ಈ ಸುದ್ದಿಯನ್ನು ಒಬ್ಬಳೇ ಹೊತ್ತು ಎಷ್ಟು ಬಳಲಿದ್ದಳೆಂಬುದನ್ನು ನಾನು ಕಂಡಿದ್ದೆ. ಫೋನಿನಲ್ಲಿ ಅಮ್ಮನಿಗೆ ಇದ್ದುದನ್ನು ಇದ್ದ ಹಾಗೆ ತಿಳಿಸಿದೆ. ಸ್ವಲ್ಪ ಹೊತ್ತು ಮೌನ. ಬಳಿಕ ನಮ್ಮ ಕುಂದಾಪುರದ ಮಾತಿನಲ್ಲಿ, "ನಾ ಬತ್ತೆ ಮಗಾ, ಹೆದ್ರಬೇಡ" ಎಂದರು. ನಾಲ್ಕನೆಯ ದಿನ ಕುಚ್ಚಲಕ್ಕಿಯ ಗಂಟಿನೊಡನೆ ಬಂದಿಳಿದರು. ಪತ್ನಿಗೆ ಆಸ್ಪತ್ರೆಯ ಓಡಾಟ ಸಾಧ್ಯವಾದುದು ಅಡುಗೆಮನೆಯನ್ನು ಅಮ್ಮ ವಹಿಸಿಕೊಂಡುದರಿಂದ. ಸುದ್ದಿ ಮುಚ್ಚಿಟ್ಟಿದ್ದರೆ ಆ ಸಹಾಯವೂ ಇರುತ್ತಿರಲಿಲ್ಲ.

ಮೊದಲ ಶಸ್ತ್ರಚಿಕಿತ್ಸೆಯ ಸುಮಾರು ಆರು ವಾರಗಳ ನಂತರ ಎರಡನೆಯದು ನಡೆಯಿತು. ಇದು ಹಿರಿಯದು, ನೋವೂ ದಣಿವೂ ಹೆಚ್ಚು. ಈ ಸಲದ ವರದಿಯ ಬಗೆಗೆ ನಾನು ಆರನೆಯ ದಿನದಿಂದಲೇ ಫೋನ್ ಮಾಡತೊಡಗಿದೆ. ಉಳಿದ ರೋಗವೇನೂ ಕಾಣಲಿಲ್ಲ ಎಂದು ಅದರಲ್ಲಿತ್ತು. ಎಲ್ಲರಿಗೂ ಹೀಗೆಯೇ ಆಗುವುದೆಂದು ನಾನು ಹೇಳಲಾರೆ. ಹೆಚ್ಚಿನ ಹಂತದವರಿಗೆ ಔಷಧ ಚಿಕಿತ್ಸೆಯೂ ಬೇಕಾಗಬಹುದು. ನಾನೂ ನಿಯತವಾಗಿ ತಪಾಸಣೆಗೆ ಹೋಗುತ್ತಿರಬೇಕು. ಪ್ರತಿ ಸಲವೂ ಹಿಂದಿನ ರಾತ್ರಿ ನಿದ್ರೆ ಕಡಿಮೆಯೇ.

ಕೊನೆಯ ಮಾತು

ದೂರದ ಊರುಗಳಲ್ಲಿ ನೆಲೆಸಿರುವ ನಮಗೆ ರಜೆ ಕಡಿಮೆ, ನೆರವಿಗೆ ಬರುವ ಕೈಗಳೂ ಕಡಿಮೆ. ಆದುದರಿಂದ ಆಸ್ಪತ್ರೆಯಿಂದ ಹೊರಟಾಗಲೇ ಎಲ್ಲ ಮುಗಿಯಿತೆಂದು ಬಗೆಯುವುದು ಸಹಜ. ವಾಚಕರಲ್ಲಿ ನನ್ನ ವಿನಂತಿ ಇಷ್ಟೇ. ನಿಮ್ಮ ಅಥವಾ ನಿಮ್ಮವರ ದೇಹದಿಂದ ಏನನ್ನಾದರೂ ತೆಗೆದಿದ್ದರೆ, ಅದನ್ನು ಪರೀಕ್ಷೆಗೆ ಕಳುಹಿಸಿದ್ದಾರೆಯೇ, ವರದಿ ಯಾವ ದಿನ ದೊರೆಯುವುದು ಎಂದು ಹೊರಡುವ ಮುನ್ನವೇ ಕೇಳಿ ಬರೆದಿಟ್ಟುಕೊಳ್ಳಿ. ಆ ದಿನ ನೀವೇ ಹೋಗಿ ತನ್ನಿ. ವೈದ್ಯರ ಮುಂದಿಟ್ಟು ಅರ್ಥ ಕೇಳಿ. ಬಹುತೇಕರ ವರದಿಯಲ್ಲಿ ಹೆದರುವಂಥದ್ದೇನೂ ಇರುವುದಿಲ್ಲ. ಇದ್ದವರಿಗೆ ಆ ಕಾಗದ ಎಷ್ಟು ಬೇಗ ಕೈಸೇರುವುದೋ ಅಷ್ಟು ಒಳ್ಳೆಯದು.

ಆ ಹನ್ನೊಂದು ಕಲ್ಲುಗಳ ಬಾಟಲಿ ಈಗ ನಮ್ಮ ಮನೆಯಲ್ಲಿಲ್ಲ. ವರದಿಗಳ ಕಡತವನ್ನು ಮಾತ್ರ ಪತ್ನಿ ಕಪಾಟಿನ ಮೇಲಿನ ಖಾನೆಯಲ್ಲಿ, ಮನೆಯ ಪತ್ರಗಳ ಜೊತೆಯಲ್ಲಿ ಇಟ್ಟಿದ್ದಾಳೆ.