ಇಂದಿನ ಧಮ್ಮ ಚಿಂತನೆ: ಹುಟ್ಟಾ ಕಳ್ಳ ಯಾರು?



ಕ್ಯಾಂಪಿನ ನಮ್ಮ ಮನೆಯಲ್ಲಿ ರಜೆ ಬಂದರೆ ತಂಗಿಯ ಮಗ, ಅವನ ಗೆಳೆಯರು ಸೇರಿ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಎಂಬ ದಾಳದ ಆಟ ಆಡುತ್ತಾರೆ. ಒಬ್ಬ ಕಥೆ ಹೇಳುತ್ತಾನೆ, ಉಳಿದವರು ಅದರ ಪಾತ್ರಗಳಾಗುತ್ತಾರೆ. ಅದರಲ್ಲಿ 'ಓರ್ಕ್' ಎಂಬ ಕುಲವಿದೆ. 1977ರ ಆಟದ ಪುಸ್ತಕದಲ್ಲಿ ಆ ಇಡೀ ಕುಲದ ಸ್ವಭಾವ 'ದುಷ್ಟ' ಎಂದೇ ಅಚ್ಚಾಗಿದೆ. (ನಮ್ಮ ದೇಶದ ರಾಕ್ಷಸರಿಗೂ ಅಲ್ಲಿ ಅದೇ ಪಟ್ಟ!) "ಆ ಓರ್ಕ್ ಏನ್ ತಪ್ಪ ಮಾಡಿತ್ತೋ?" ಎಂದು ಕೇಳಿದೆ. "ಅದು ಓರ್ಕ್ ಐತಲ್ಲ ಮಾಮಾ, ಹೊಡೀಬೇಕು" ಎಂದ.

ಆಟವನ್ನು ನಾನು ದೂರುವುದಿಲ್ಲ. ಕಾಗದದ ಓರ್ಕ್‌ಗೆ ನೋವಾಗುವುದಿಲ್ಲ, ಆಟದವರೂ ಈಚೆಗೆ ತಮ್ಮ ಪುಸ್ತಕ ತಿದ್ದಿಕೊಂಡಿದ್ದಾರೆ. ಆದರೆ ಇಂಥದೇ ಸಾಲನ್ನು ಬ್ರಿಟಿಷ್ ಸರಕಾರ 1871ರಲ್ಲಿ ಜೀವಂತ ಮನುಷ್ಯರ ಮೇಲೆ ಬರೆಯಿತು. ಅದೇ ಅಪರಾಧಿ ಬುಡಕಟ್ಟುಗಳ ಕಾಯ್ದೆ. 1911ರ ಬಳಿಕ ಅದು ನಮ್ಮ ಮುಂಬಯಿ ಪ್ರಾಂತ್ಯಕ್ಕೂ ಬಂತು. ಹುಬ್ಬಳ್ಳಿ, ಗದಗ-ಬೆಟಗೇರಿಗಳಲ್ಲಿ 'ಸೆಟ್ಲಮೆಂಟ್' ಕಟ್ಟಿ ಕುಟುಂಬ ಕುಟುಂಬವನ್ನೇ ಅದರೊಳಗೆ ಇಟ್ಟರು. ಹೊತ್ತು ಹೊತ್ತಿಗೆ ಹಾಜರಿ, ಹೊರಗೆ ಹೋಗಲು ಪಾಸು. ಕದ್ದವನು ಯಾರು ಎಂಬ ಪ್ರಶ್ನೆಯೇ ಏಳಲಿಲ್ಲ, ಹುಟ್ಟಿದ್ದೇ ಸಾಕಾಗಿತ್ತು. ಬಾಬಾಸಾಹೇಬರು 1948ರ 'ದಿ ಅನ್‌ಟಚೆಬಲ್ಸ್' ಮುನ್ನುಡಿಯಲ್ಲಿ ಈ ಜನರನ್ನೂ ಅಸ್ಪೃಶ್ಯರನ್ನೂ ಒಟ್ಟಿಗೆ ಇಟ್ಟು, ಇಂಥವರನ್ನು ಸೃಷ್ಟಿಸಿದ್ದು ಎಂಥ ನಾಗರಿಕತೆ ಎಂದು ಕೇಳಿದ್ದಾರೆ.

ಸುತ್ತನಿಪಾತದ ವಾಸೆಟ್ಠ ಸುತ್ತದಲ್ಲಿ ಇಬ್ಬರು ಬ್ರಾಹ್ಮಣ ತರುಣರು ಹುಟ್ಟು ದೊಡ್ಡದೋ ನಡತೆ ದೊಡ್ಡದೋ ಎಂದು ವಾದ ಮಾಡಿ ಭಗವಾನರ ಬಳಿ ಬರುತ್ತಾರೆ. ಹುಲ್ಲು, ಹುಳ, ಹಾವು, ಮೀನು, ಹಕ್ಕಿಗಳಲ್ಲಿ ಹುಟ್ಟಿನಿಂದಲೇ ಬೇರೆ ಬೇರೆ ಗುರುತುಗಳಿವೆ, ಮನುಷ್ಯರ ಕಣ್ಣು, ಕಿವಿ, ಕೈಕಾಲುಗಳಲ್ಲಿ ಅಂಥ ಗುರುತಿಲ್ಲ ಎಂದು ಭಗವಾನರು ತೋರಿಸುತ್ತಾರೆ. ಮುಂದಿನ ಮಾತು ಇನ್ನೂ ನೇರ: ಹೊಲ ಉತ್ತು ಬದುಕುವವನು ರೈತ, ಕದ್ದು ಬದುಕುವವನು ಕಳ್ಳ. ಅಂದರೆ ಮೊದಲು ಕೃತ್ಯ, ಆಮೇಲೆ ಹೆಸರು.

ನಮ್ಮಲ್ಲಿ ಇದು ತಲೆಕೆಳಗಾಗಿದೆ. ಕಾಯ್ದೆ 1952ರಲ್ಲಿ ರದ್ದಾಯಿತು. ಆದರೆ ಉತ್ತರ ಕರ್ನಾಟಕದ ಒಂದು ಸಮುದಾಯದ ಹೆಸರು ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿ ಇಂದಿಗೂ 'ಗಂಟಿಚೋರ್' ಎಂದೇ ಇದೆ. ಗಂಟು ಕದಿಯುವವರು! ಜಾತಿ ಪ್ರಮಾಣಪತ್ರ ಬೇಕಾದ ಮಗು ಅದರಲ್ಲಿ 'ಚೋರ್' ಎಂದು ಬರೆಸಿಕೊಳ್ಳಬೇಕು.

ಮೇಲ್ಜಾತಿಯವರನ್ನು ಬೈದು ಇಲ್ಲಿಗೇ ಮುಗಿಸುವುದು ಸುಲಭ. ನಮ್ಮ ಓಣಿಯಲ್ಲಿ ಸೈಕಲ್ ಕಳವಾದರೆ, ಮೊನ್ನೆ ಬಂದು ಗುಡಾರ ಹಾಕಿದವರ ಕಡೆ ನಾವೂ ನೋಡುವುದಿಲ್ಲವೇ? ಪಂಚಶೀಲದ ಎರಡನೆಯ ಶೀಲ ಕದಿಯಬೇಡ ಎನ್ನುತ್ತದೆ. ನಾಲ್ಕನೆಯದು ಸುಳ್ಳಾಡಬೇಡ ಎನ್ನುತ್ತದೆ. ನೋಡದೆ ಒಬ್ಬರನ್ನು ಕಳ್ಳರೆಂದರೆ ಮುರಿಯುವುದು ಯಾವ ಶೀಲ? ಭಾನುವಾರದ ವಂದನೆಯ ನಂತರ ಇದನ್ನೇ ಚರ್ಚೆಗೆ ಇಟ್ಟುಕೊಳ್ಳೋಣ. ಮಕ್ಕಳನ್ನೂ ಕರೆತನ್ನಿ.

ಸಾಧು, ಸಾಧು, ಸಾಧು.