ಎರಡು ಕೂಸು, ಒಂದು ಮಡಿಲು

ತಾಯ್ತನವನ್ನು ಹೊಗಳುವ ಮಾತುಗಳು ನಮ್ಮಲ್ಲಿ ಬೇಕಾದಷ್ಟಿವೆ. ಆದರೆ ಹಿರಿಯ ಮಗು ಇನ್ನೂ ಮೊಲೆ ಬಿಡದಿರುವಾಗಲೇ ಮತ್ತೊಂದು ಕೂಸು ಹುಟ್ಟಿದರೆ, ಸಾಲದ ಹಾಲನ್ನು ತಾಯಿಯು ಹೇಗೆ ಹಂಚಬೇಕೆಂಬ ಪ್ರಶ್ನೆಗೆ ಉತ್ತರ ಹೇಳುವವರು ವಿರಳ. ಕಾಲೇಜಿನ ವಾರ್ಷಿಕ ಸಂಚಿಕೆಗೆ ಇಂಥ ವಿಷಯವೇ ಎಂದು ಕೆಲವು ವಾಚಕರು ಹುಬ್ಬೇರಿಸಬಹುದು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿನವಳು. ಓಣಿಯ ಬಾಣಂತಿಯರಿಗೆ ಆಸ್ಪತ್ರೆಯ ಚೀಟಿ ಓದಿ ಹೇಳುವ ಕೆಲಸ ನನ್ನ ಪಾಲಿಗೆ ಬಂದಿದೆ. ಆದುದರಿಂದ ಇದನ್ನೇ ಆರಿಸಿಕೊಂಡೆನು.

ಟಿ.ಬಿ. ಡ್ಯಾಮಿನಲ್ಲಿ ಬೆಳೆದ ನಮಗೆ ಲೆಕ್ಕವೆಂದರೆ ನೀರಿನ ಲೆಕ್ಕ. ಎಡದಂಡೆಗೆ ಹೆಚ್ಚು ಬಿಟ್ಟರೆ ಬಲದಂಡೆಗೆ ಕಡಿಮೆ. ಇದನ್ನು ಚಿಕ್ಕ ಮಕ್ಕಳೂ ಬಲ್ಲರು. ಎದೆಹಾಲನ್ನೂ ಜನರು ಇದೇ ರೀತಿ ಎಣಿಸುತ್ತಾರೆ: ದೊಡ್ಡದು ಕುಡಿದಷ್ಟೂ ಚಿಕ್ಕದಕ್ಕೆ ನಷ್ಟ. ಶರೀರಶಾಸ್ತ್ರ ಹೇಳುವುದು ಬೇರೆ. ಸ್ತನವು ಜಲಾಶಯವಲ್ಲ, ಒರತೆ. ಬೇಸಿಗೆಯಲ್ಲಿ ಹೊಳೆಯ ಮರಳಿನಲ್ಲಿ ಒರತೆ ತೋಡಿ ನೀರು ತುಂಬಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೂಸು ಚೀಪಿದಾಗ ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿಯಿಂದ ಎರಡು ಹಾರ್ಮೋನುಗಳು ರಕ್ತಕ್ಕೆ ಸೇರುತ್ತವೆ. ಪ್ರೊಲ್ಯಾಕ್ಟಿನ್ ಹಾಲನ್ನು ತಯಾರಿಸುತ್ತದೆ. ಆಕ್ಸಿಟೋಸಿನ್ ಅದನ್ನು ಹೊರಕ್ಕೆ ಇಳಿಸುತ್ತದೆ. ನೋವು, ಭಯ, ಚಿಂತೆಗಳಿದ್ದರೆ ಇಳಿಯುವುದು ತಡವಾಗುತ್ತದೆ. ಹಾಲು ಒಳಗೇ ನಿಂತರೆ ಉತ್ಪತ್ತಿ ಮಂದವಾಗುತ್ತದೆ, ಬರಿದಾದರೆ ಚುರುಕಾಗುತ್ತದೆ. ಅವಳಿ ಮಕ್ಕಳನ್ನು ಎದೆಹಾಲಿನಲ್ಲೇ ಸಾಕಿದ ತಾಯಂದಿರಿರುವುದು ಇದರಿಂದಲೇ ಸಾಧ್ಯವಾಗಿದೆ. ಹಿರಿಯ ಮಗು ಬಲವಾಗಿ ಚೀಪುವುದರಿಂದ ಎಷ್ಟೋ ವೇಳೆ ಕಿರಿಯದಕ್ಕೆ ಲಾಭವೇ ಆಗುತ್ತದೆ.

ಬಸುರಿಯ ಹಾಲು ಹಿರಿಯ ಮಗುವಿಗೆ ವಿಷವೆಂಬ ಮಾತೊಂದಿದೆ. ಅದು ವಿಷವಲ್ಲ. ಗರ್ಭ ಬೆಳೆದಂತೆ ಹಾಲು ಕಡಿಮೆಯಾಗಿ, ರುಚಿ ಬದಲಾಗಿ, ಗಿಣ್ಣುಹಾಲಿನ ರೂಪಕ್ಕೆ ತಿರುಗುತ್ತದೆ. ಕೆಲವು ಮಕ್ಕಳು ಆಗ ತಾವೇ ಬಿಟ್ಟುಬಿಡುತ್ತವೆ. ಬಿಡದ ಮಗುವಿದ್ದರೆ, ಹೆರಿಗೆಯಾದ ಮೊದಲ ದಿನಗಳ ಹಳದಿ ಬಣ್ಣದ ಗಟ್ಟಿ ಹಾಲು ಕೂಸಿಗೇ ಮೊದಲು ಸಲ್ಲಬೇಕು. ಪ್ರಮಾಣದಲ್ಲಿ ಅದು ಅತ್ಯಲ್ಪ. ರೋಗನಿರೋಧಕ ಶಕ್ತಿ ಮಾತ್ರ ಅಪಾರ.

ನನ್ನ ಅಕ್ಕನಿಗೆ ಎರಡನೆಯ ಹೆರಿಗೆಯಾದಾಗ ಹಿರಿಯ ಹುಡುಗನಿಗೆ ಒಂದೂವರೆ ವರ್ಷ. ಅವ್ವ ಬೇವಿನ ಸೊಪ್ಪು ಅರೆದೇ ಇಟ್ಟಿದ್ದಳು. "ಅವನಿಗೆ ಮೊಲಿ ಬಿಡಿಸವ್ವಾ, ಇಲ್ಲಾಂದ್ರ ಕೂಸಿಗೆ ಏನು ಉಳಿತೈತಿ?" ಎಂಬುದು ಅವಳ ವಾದ. ಮನೆಗೆ ಬಂದ ಆಶಾ ಕಾರ್ಯಕರ್ತೆ ವಾದಕ್ಕೆ ನಿಲ್ಲಲಿಲ್ಲ. "ಮೊದಲು ಕೂಸು, ಹಿಂದಿನಿಂದ ಅವನು. ಉಚ್ಚೆ ಎಣಿಸ್ರಿ, ತೂಕ ಹಾಕಿಸ್ರಿ" ಎಂದಳು. ಮೊದಲ ವಾರ ಕಳೆದ ಮೇಲೆ ಕೂಸು ದಿನಕ್ಕೆ ಆರು ಸಲವಾದರೂ ಉಚ್ಚೆ ಹೊಯ್ದರೆ ಹಾಲು ಸಾಲುತ್ತಿದೆಯೆಂದು ತಿಳಿಯಬಹುದು. ಅಕ್ಕನಿಗೆ ಬರೆಯಲು ಬಾರದು. ಬಟ್ಟೆ ಬದಲಿಸಿದಾಗಲೆಲ್ಲ ಗೋಡೆಯ ಮೇಲೆ ಇದ್ದಲಿನಿಂದ ಒಂದು ಗೀಟು ಎಳೆದಳು. ಹುಟ್ಟಿದಾಗಿನ ತೂಕ ಎರಡು ವಾರದೊಳಗೆ ಮರಳಬೇಕು, ಬಳಿಕ ದಿನಕ್ಕೆ 25-30 ಗ್ರಾಮಿನಂತೆ ಏರಬೇಕು. ಮೂರನೆಯ ವಾರ ಗೀಟು ನಾಲ್ಕಕ್ಕೆ ಇಳಿದವು, ತೂಕವೂ ಏರಲಿಲ್ಲ. ಅವ್ವ ಮತ್ತೆ ಬೇವಿನ ಮಾತೆತ್ತಿದಳು. ವೈದ್ಯರು ಕೂಸನ್ನೂ ತಾಯಿಯನ್ನೂ ನೋಡಿ, ರಕ್ತ ಪರೀಕ್ಷಿಸಿ, ಅಕ್ಕನಿಗೆ ರಕ್ತಹೀನತೆಯೆಂದು ಕಬ್ಬಿಣಾಂಶದ ಗುಳಿಗೆ ಬರೆದರು. ಕೂಸಿಗೆ ಹಗಲು ರಾತ್ರಿ ಎರಡೆರಡು ತಾಸಿಗೆ ಕುಡಿಸಿ, ಕುಡಿದ ಮೇಲೆ ಕೈಯಿಂದ ಹಿಂಡಿ ತೆಗೆದದ್ದನ್ನೂ ಒಳಲೆಯಲ್ಲಿ ಹಾಕುವುದೆಂದಾಯಿತು. ಹುಡುಗನಿಗೆ ಹೊಟ್ಟೆ ತುಂಬ ಉಣಿಸಿದ ಮೇಲೆ ದಿನಕ್ಕೆರಡು ಸಲ ಮಾತ್ರ. ಮರುವಾರ ಗೋಡೆಯ ಮೇಲೆ ಏಳು ಗೀಟು ಬಂದವು. ಎಲ್ಲರಿಗೂ ಒರತೆ ಹೀಗೆ ಊರುವುದೆಂದಲ್ಲ. ಥೈರಾಯ್ಡಿನ ತೊಂದರೆಯಿದ್ದವರಿಗೆ, ಹೆರಿಗೆಯಲ್ಲಿ ಹೆಚ್ಚು ರಕ್ತ ಹೋದವರಿಗೆ ಹಾಲು ನಿಜವಾಗಿಯೂ ಸಾಲದಿರಬಹುದು. ಅಂಥಲ್ಲಿ ವೈದ್ಯರು ಮೇಲುಹಾಲು ಹೇಳಿದರೆ ತಾಯಿ ನಾಚಬೇಕಾದ ಕಾರಣವಿಲ್ಲ.

ಹಿರಿಯ ಮಗುವಿನ ಪಾಡನ್ನೂ ಮರೆಯಲಾಗದು. 1933ರಲ್ಲಿ ಸಿಸಿಲಿ ವಿಲಿಯಮ್ಸ್ ಎಂಬ ವೈದ್ಯೆ ಇಂದಿನ ಘಾನಾ ದೇಶದಲ್ಲಿ, ಮೈ ಬಾತು, ಕೂದಲು ಕೆಂಪಾಗಿ ಸೊರಗುವ ಮಕ್ಕಳ ರೋಗವನ್ನು ವರ್ಣಿಸಿದಳು. ಅಲ್ಲಿನ 'ಗಾ' ಭಾಷೆಯ ಜನ ಅದಕ್ಕಿಟ್ಟಿದ್ದ ಹೆಸರು ಕ್ವಾಶಿಯೋರ್ಕರ್. ಇನ್ನೊಂದು ಕೂಸು ಹುಟ್ಟಿದುದರಿಂದ ಮಡಿಲು ಕಳೆದುಕೊಂಡ ಮಗುವಿನ ಕಾಯಿಲೆ ಎಂದು ಭಾವ. ಎದೆಯಿಂದ ಥಟ್ಟನೆ ಬಿಡಿಸಿ ಬರಿಯ ಗಂಜಿ ಕುಡಿಸಿದರೆ ಆಗುವುದು ಇದೇ. ಎದೆಹಾಲನ್ನು ಎರಡು ವರ್ಷ ಅಥವಾ ಇನ್ನೂ ಹೆಚ್ಚು ಕಾಲ ಮುಂದುವರಿಸಬಹುದೆಂದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯಿದೆ. ಹಾಲು ಕಡಿತವಾದಷ್ಟೂ ಬೇಳೆ, ತತ್ತಿ, ರಾಗಿ, ಶೇಂಗಾಪುಡಿ ಮಗುವಿನ ತಟ್ಟೆಗೆ ಬರಬೇಕು.

ಒರತೆಗೂ ಅಂತರ್ಜಲ ಬೇಕಷ್ಟೆ. ಮೊದಲ ಆರು ತಿಂಗಳು ಹಾಲೂಡಿಸುವ ತಾಯಿಗೆ ದಿನಕ್ಕೆ ಸುಮಾರು 600 ಕ್ಯಾಲೊರಿಯಷ್ಟು ಹೆಚ್ಚಿನ ಆಹಾರ ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು ಹೇಳಿದೆ. ಅದೂ ಒಂದು ಕೂಸಿನ ಲೆಕ್ಕ. ನಾವಾದರೋ ಪಥ್ಯವೆಂದು ಅನ್ನ, ನೀರು ಎರಡನ್ನೂ ಅಳೆದು ಕೊಡುತ್ತೇವೆ! 2017ರ ಅಕ್ಟೋಬರ್ 2ರಂದು ರಾಜ್ಯದಲ್ಲಿ ಆರಂಭವಾದ ಮಾತೃಪೂರ್ಣ ಯೋಜನೆಯಲ್ಲಿ ಬಾಣಂತಿಗೆ ಅಂಗನವಾಡಿಯಲ್ಲಿ ಬಿಸಿಯೂಟ ಉಂಟು. ಆದರೆ ಬಾಣಂತಿ ಹೊಸಲು ದಾಟಬಾರದೆಂಬ ಕಟ್ಟಳೆ ನಮ್ಮ ಓಣಿಯಲ್ಲಿ ಇನ್ನೂ ಬಿಗಿಯಾಗಿದೆ.

ಇದೆಲ್ಲಕ್ಕಿಂತ ದೊಡ್ಡ ತೊಡಕು ಕೂಲಿಯದು. ಕೂಸಿಗೆ ಹದಿನೈದು ತಿಂಗಳಾಗುವವರೆಗೆ ಹಾಲೂಡಿಸಲು ದಿನಕ್ಕೆ ಎರಡು ಬಿಡುವು ಕೊಡಬೇಕೆಂದು 1961ರ ಹೆರಿಗೆ ಸೌಲಭ್ಯ ಕಾಯಿದೆಯಲ್ಲಿತ್ತು. 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಅದು ಉಳಿದಿದೆ. ಕಾರ್ಖಾನೆ, ಗಣಿಗಳಿಗೆ ಅದು ಅನ್ವಯಿಸುವುದರಿಂದ ಸಂಡೂರಿನ ಗಣಿಯಲ್ಲಿ ಹಾಜರಿಯಿರುವ ಹೆಂಗಸು ಅದನ್ನು ಕೇಳಬಲ್ಲಳು. ಕಂಪ್ಲಿಯ ಕಡೆ ಭತ್ತದ ನಾಟಿಗೆ ಹೋಗುವವಳು ಯಾರನ್ನು ಕೇಳಬೇಕು? ಬೆಳಿಗ್ಗೆ ಹೋದವಳು ಸಂಜೆಗೆ ಬರುತ್ತಾಳೆ. ಬಿಗಿದ ಎದೆಯ ಹಾಲನ್ನು ಬದುವಿನ ಮರೆಯಲ್ಲಿ ಮಣ್ಣಿಗೆ ಹಿಂಡುತ್ತಾಳೆ. ಅದಕ್ಕೂ ಬಿಡುವಿಲ್ಲದ ದಿನ ಹಾಲು ಒಳಗೇ ನಿಲ್ಲುತ್ತದೆ. ತಿಂಗಳೊಳಗೆ ಹಾಲು ಬತ್ತಿತೆಂದು ಓಣಿಯಲ್ಲಿ ಸುದ್ದಿಯಾಗುತ್ತದೆ, ತಪ್ಪು ಹಿರಿಯ ಮಗುವಿನ ತಲೆಗೆ ಬರುತ್ತದೆ. ಅಕ್ಕ ಐದನೆಯ ತಿಂಗಳಿಗೆ ನಾಟಿಗೆ ಹೊರಟಾಗ ತನ್ನ ಮೇಸ್ತ್ರಿಯೊಡನೆ ಮೊದಲೇ ಮಾತಾಡಿಕೊಂಡಳು. ಬುತ್ತಿ ಬಿಚ್ಚುವ ಹೊತ್ತಿಗೆ ಅವ್ವ ಕೂಸನ್ನು ಸೆರಗಿನಲ್ಲಿ ಮುಚ್ಚಿಕೊಂಡು, ಹುಡುಗನ ಕೈ ಹಿಡಿದು ಗದ್ದೆಗೆ ಹೋಗುತ್ತಿದ್ದಳು.